ಗಡಿಗೆಪ್ಪನ ಗಂಟಲು

ಶೇಷಗಿರಿ ಮಾಸ್ತರರು ಸರ್ವಿಸಿನುದ್ದಕ್ಕೂ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಒಂದು ದಿನವೂ ಹುಡುಗರ ಮೇಲೆ ದನಿ ಏರಿಸಲಿಲ್ಲವೆಂದು ರಾಯಚೂರಿನಲ್ಲಿ ಹೆಸರಾದವರು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ನಿವೃತ್ತರಾದ ಮೇಲೆ ಮಹಡಿ ಕಟ್ಟಿಸಿ ಕಾಲೇಜಿನ ಲೆಕ್ಚರರ್ ವಿಜಯಲಕ್ಷ್ಮಿಗೆ ಬಾಡಿಗೆಗೆ ಕೊಟ್ಟರು. ಹಿತ್ತಲಿನ ಎರಡು ಕೋಣೆಗಳಿಗೆ ಗಡಿಗೆಪ್ಪ, ಬಸವಂತಮ್ಮ ಎಂಬ ಗಂಡಹೆಂಡತಿ ಬಂದರು. ಅಲ್ಲಿಗೆ ಮಾಸ್ತರರ ನೆಮ್ಮದಿ ಮುಗಿಯಿತು.

ಗಡಿಗೆಪ್ಪ ದೇವದುರ್ಗದ ಕಡೆಯವನು. ಮೀಸೆ ಮೂಡುವ ಮೊದಲೇ ಮಾನ್ವಿಯ ಒಂದು ಅಕ್ಕಿ ಗಿರಣಿ ಸೇರಿ, ಭತ್ತ ಸುಲಿಯುವ ಯಂತ್ರದ ಮಗ್ಗುಲಲ್ಲೇ ತಲೆ ನರೆಸಿಕೊಂಡವನು. ಗಿರಣಿ ಅವನಿಗೆ ಅನ್ನ ಕೊಟ್ಟು ಕಿವಿ ಇಸಿದುಕೊಂಡಿತ್ತು. ತನ್ನ ದನಿ ತನಗೇ ಕೇಳದವನು ಅದನ್ನು ತಗ್ಗಿಸುವುದಾದರೂ ಹೇಗೆ? ಗಿರಣಿಯ ಹಿಂದಿನ ಕೆಲಸಗಾರರ ಮನೆಗಳಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದುದರಿಂದ ಅಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ. ಮಾಲೀಕರು ಹೊಸ ಯಂತ್ರ ತಂದು ಹಳಬರನ್ನು ಬಿಡಿಸಿದಾಗ ಇಬ್ಬರೂ ರಾಯಚೂರಿಗೆ ಬಂದರು. ಗಂಜ್ ಮಾರ್ಕೆಟ್ಟಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಅವನಿಗೆ ಸಿಕ್ಕಿತು.

ಸಂಜೆ ಅವನು ಮನೆ ಸೇರಿದನೆಂದರೆ ಓಣಿಗೆಲ್ಲ ಸುದ್ದಿ.

"ಬದನಿಕಾಯಿ ಬರೇ ಹುಳುಕ ಅದಾವಲ್ಲ!" ಎಂದು ಅವನ ಗುಡುಗು.

"ಆರಿಸಿ ತಂದವರು ನೀವಽ ಅಲ್ಲೇನು!" ಎಂದು ಅವಳ ಸಿಡಿಲು. ಅವಳ ಕಿವಿ ಚೆನ್ನಾಗಿಯೇ ಇತ್ತು. ಆದರೆ ಗಂಡನಿಗೆ ಕೇಳಬೇಕೆಂದರೆ ಅವಳೂ ಕೂಗಲೇಬೇಕು.

ಅವನ ಹೊಟ್ಟೆಯ ತೊಂದರೆ, ಅವಳ ಮೊಣಕಾಲು ನೋವು, ಅವಳ ತಮ್ಮನ ಜಿಪುಣತನ, ಒಂದೂ ಗುಟ್ಟಾಗಿ ಉಳಿಯಲಿಲ್ಲ. ಹೊಸಬರು ಕೇಳಿದರೆ ಹೊಡೆದಾಟವೇ ನಡೆದಿದೆ ಎನ್ನಬೇಕು. ನಿಜ ಹೇಳಬೇಕೆಂದರೆ ಆ ಓಣಿಯಲ್ಲಿ ಅವರಿಬ್ಬರಷ್ಟು ಹೊಂದಿಕೊಂಡ ಜೋಡಿ ಇನ್ನೊಂದಿರಲಿಲ್ಲ. ಮಾಸ್ತರರ ಹೆಂಡತಿ ಜಯಾಬಾಯಿ ತಮ್ಮ ಗಂಡನ ಮೌನದ ಎದುರು ಕೂತು ಉಣ್ಣುತ್ತ, ಹಿತ್ತಲಿನ ಮಾತಿಗೆ ಕಿವಿಗೊಟ್ಟು ತಮ್ಮಷ್ಟಕ್ಕೆ ನಗುತ್ತಿದ್ದರು.

ವಿಜಯಲಕ್ಷ್ಮಿಗೆ ಮಾತ್ರ ನಗು ಬರಲಿಲ್ಲ. "ಸರ್, ಸಂಜಿಮುಂದ ಹುಡುಗರಿಗೆ ಪಾಠ ರೆಕಾರ್ಡ್ ಮಾಡಿ ಕಳಸ್ತೀನಿ. ಅರ್ಥಶಾಸ್ತ್ರದ ನಡುವ 'ನನಗ ಹೊಟ್ಟಿ ಕಟ್ಟ್ಯಾದ' ಅಂತ ಬಂದು ಕುಂತದ. ಈಗ ನಾ ಕ್ಲಾಸಿಗೆ ಕಾಲಿಟ್ರ ಸಾಕು, ಹುಡುಗರು ಅದನ್ನಽ ಅಂದು ನಗತಾರ್ರೀ" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಮಾಸ್ತರರಾಗಿ ಬಾಳಿದವರಿಗೆ ಆ ಅವಮಾನ ಅರ್ಥವಾಗದೆ ಇರುತ್ತದೆಯೇ?

ಅವರು ಹೋಗಿ ಬಸವಂತಮ್ಮನಿಗೆ ಮೆಲ್ಲಗೆ ವಿಷಯ ತಿಳಿಸಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ನೋಡ್ಕೋತೀನ್ರೀ ಮಾಸ್ತರ್ರೀ. ಒಂದು ಮಾತು, ಅವರಿಗೆ ಮಾತ್ರ ಹೇಳಬ್ಯಾಡ್ರಿ. ಈ ಊರಾಗ ಹಿಂದ ಮೂರು ಮನಿಯವ್ರು ಬಿಡಿಸ್ಯಾರ. ಅವರ ದನಿ ಸಲುವಾಗಿ ಬಿಡಿಸಿದ್ರು ಅಂತ ಅವರಿಗೆ ಗೊತ್ತಿಲ್ರೀ. ಇಲ್ಲಿ ನೀರು ಸಾಲೂದಿಲ್ಲ, ಅಲ್ಲಿ ಬಾಡಿಗಿ ಜಾಸ್ತಿ ಅಂತ ನಾನಽ ಸುಳ್ಳು ಹೇಳಿ ಕರಕೊಂಡು ಬಂದೀನಿ. ಗೊತ್ತಾತಂದ್ರ ಆ ಮನಷ್ಯಾ ಮತ್ತ ಬಾಯಿ ಬಿಡಾಂಗಿಲ್ಲ."

"ಇಲ್ಲಮ್ಮಾ, ನಾ ಹೇಳೂದಿಲ್ಲ" ಎಂದು ಮಾಸ್ತರರು ಮಾತು ಕೊಟ್ಟರು.

ಆವತ್ತಿನಿಂದ ಬಸವಂತಮ್ಮ ಗಂಡನ ಜೊತೆ ಕೈಸನ್ನೆಗೆ ಇಳಿದಳು. ತಾನು ಕೂಗದಿದ್ದರೆ ಅವನೂ ಕೂಗುವುದಿಲ್ಲವೆಂದು ಅವಳ ಲೆಕ್ಕ. ಆದದ್ದೇ ಬೇರೆ. ಗಡಿಗೆಪ್ಪ ಗಾಬರಿಯಾಗಿ ಮುಂಬಾಗಿಲಿಗೇ ಬಂದ. "ಅಮ್ಮಾರ! ಅಕಿ ನನ್ನ ಮ್ಯಾಲ ಯಾಕ ಮುನಿಸಿಕೊಂಡಾಳ? ಮಾತಽ ಆಡವಲ್ಲಳು! ಬರೇ ಕೈ ತಿರುವತಾಳ!" ಎಂದು ಜಯಾಬಾಯಿಯ ಮುಂದೆ ಗೋಳಿಟ್ಟ. ಆ ಗೋಳು ಓಣಿಯ ತುದಿಯವರೆಗೂ ಮುಟ್ಟಿತು. ಹಿಂದೆ ಆರೋಗ್ಯ ಶಿಬಿರದಲ್ಲಿ ಪುಕ್ಕಟೆ ಕೊಟ್ಟಿದ್ದ ಕಿವಿಯ ಯಂತ್ರವನ್ನಾದರೂ ಹಾಕಿಕೋ ಎಂದು ಜಯಾಬಾಯಿ ಸನ್ನೆ ಮಾಡಿದರೆ, "ಅದನ್ನ ಹಾಕ್ಕೊಂಡ್ರ ತಲಿಯಾಗ ಗಿರಣಿ ಮತ್ತ ಶುರು ಆಗತದ್ರೀ!" ಎಂದ. ಸಂಜೆಗೆ ಸನ್ನೆಯಾಟ ಮುಗಿದು ಹಳೆಯ ಮಾತುಕತೆ ಮೊದಲಾಯಿತು.

ಎದುರು ಮನೆಯವರೂ ದೂರು ತಂದರು. ವಿಜಯಲಕ್ಷ್ಮಿ ಮತ್ತೆ ಇಳಿದು ಬಂದು, "ಇರೂದು ಅವರೋ ನಾನೋ, ನೀವಽ ಹೇಳಿಬಿಡ್ರಿ ಸರ್" ಎಂದಳು. ಮಾಸ್ತರರಿಗೆ ಇದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ. ಅಷ್ಟರಲ್ಲಿ ಬಸವಂತಮ್ಮ ತಮ್ಮನ ಮಗಳ ನಿಶ್ಚಯಕ್ಕೆಂದು ದೇವದುರ್ಗಕ್ಕೆ ಹೋದಳು.

"ಆಕಿ ಬರೂತನಾ ತಡೀರಿ" ಎಂದರು ಜಯಾಬಾಯಿ.

ಹೆಂಡತಿಯ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಾವೂ ಸಾಯದ, ಕೋಲೂ ಮುರಿಯದ ಉಪಾಯ ತಮಗೆ ಹೊಳೆದಿದೆ ಎಂದುಕೊಂಡ ಮಾಸ್ತರರು ರವಿವಾರ ಬೆಳಿಗ್ಗೆ ಹಿತ್ತಲಿಗೆ ಹೋದರು. ಗಡಿಗೆಪ್ಪ ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ.

"ಗಡಿಗೆಪ್ಪಾ, ಮನಿ ರಿಪೇರಿ ಮಾಡ್ಸಬೇಕಾಗೇದ. ಖಾಲಿ ಮಾಡಿಕೊಡ್ರಿ" ಎಂದರು ಪಾಠ ಹೇಳುವ ದನಿಯಲ್ಲಿ.

"ಹಾಂ?" ಎಂದು ಅವನು ಕಿವಿಗೆ ಅಂಗೈ ಹಿಡಿದ.

ಇನ್ನೊಮ್ಮೆ ಹೇಳಿದರು, ಸ್ವಲ್ಪ ಏರಿಸಿ. ಮತ್ತೆ "ಹಾಂ?" ಬರೆದು ತೋರಿಸೋಣವೆಂದರೆ ಅವನಿಗೆ ಅಕ್ಷರ ಬಾರದು. ಮಾಸ್ತರರು ಅತ್ತಿತ್ತ ನೋಡಿ, ಉಸಿರು ತುಂಬಿಕೊಂಡು, ಜೀವನದಲ್ಲಿ ಮೊದಲ ಸಲ ಗಂಟಲು ಬಿಚ್ಚಿದರು. "ಮನಿ! ರಿಪೇರಿ!"

ಗಡಿಗೆಪ್ಪನ ಮುಖ ಅರಳಿತು. "ರಿಪೇರಿಯೇನ್ರೀ? ಅದಕ್ಕ ಆಳು ಯಾಕ? ನಾನಽ ಮಾಡತೀನಿ ಬಿಡ್ರಿ! ಸಿಮೆಂಟು ಕಲಸ್ತೀನಿ, ಸುಣ್ಣ ಹೊಡೀತೀನಿ! ನೀವು ನಮ್ಮನ್ನ ಮನಿಯವ್ರಂಗ ನೋಡ್ಕೊಂಡೀರಿ, ಅಷ್ಟೂ ಮಾಡಬಾರದೇನು!"

"ಬ್ಯಾಡ! ಖಾಲಿ ಮಾಡ್ರಿ!"

"ಹೂಂ, ಸಾಮಾನೆಲ್ಲಾ ಒಂದು ಕೋಣ್ಯಾಗ ಇಡತೀನಿ!"

ಅಷ್ಟರಲ್ಲಿ ಗೋಡೆಯಾಚೆ ತಲೆಗಳು ಕಂಡವು. ಮಹಡಿಯ ಕಿಟಕಿಯೂ ತೆರೆಯಿತು. ದನಿ ಕೇಳಿ ಓಡಿ ಬಂದಿದ್ದ ಎದುರು ಮನೆಯ ಗೋಪಮ್ಮ, "ಮಾಸ್ತರು ಹಿಂಗ ಒದರೂದು ಇವತ್ತಽ ಕೇಳಿದ್ವಿ ನೋಡ್ರಿ" ಎಂದು ಕಿಸಕ್ಕನೆ ನಕ್ಕಳು. ಆ ನಗು ಮಾಸ್ತರರ ನೆತ್ತಿಗೇರಿತು. ಅಷ್ಟು ವರ್ಷ ಜೋಪಾನ ಮಾಡಿದ ಹೆಸರು ಕಣ್ಣೆದುರೇ ಹೋಗುತ್ತಿತ್ತು.

"ರಿಪೇರಿ ಅಲ್ಲೋ ಮಾರಾಯಾ! ನಿನ್ನ ಬಾಯಿ! ನಿನ್ನ ಬಾಯಿ ತಡಕೊಳ್ಳಿಕ್ಕೆ ಆಗೂದಿಲ್ಲ ಯಾರಿಗೂ! ಹಿಂದಿನ ಮೂರು ಮನಿಯವ್ರೂ ಅದಕ್ಕಽ ನಿನ್ನ ಹೊರಗ ಹಾಕ್ಯಾರ!"

ಈ ಸಲ ಗಡಿಗೆಪ್ಪ "ಹಾಂ" ಎನ್ನಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನು ಗೋಡೆಯ ಮೇಲಿನ ತಲೆಗಳನ್ನೊಮ್ಮೆ, ಮಹಡಿಯ ಕಿಟಕಿಯನ್ನೊಮ್ಮೆ ನೋಡಿದ. ಏನೋ ಕೇಳಲು ಬಾಯಿ ತೆರೆದವನು ಅಂಗೈಯಿಂದ ಅದನ್ನು ಮುಚ್ಚಿಕೊಂಡ. ಬೆಳ್ಳುಳ್ಳಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾಸ್ತರರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಮಧ್ಯಾಹ್ನ ಜಯಾಬಾಯಿ ತಟ್ಟೆ ಇಟ್ಟು ಹೋದರೇ ಹೊರತು ಎದುರು ಕೂಡಲಿಲ್ಲ.

ಬಸವಂತಮ್ಮ ಬಂದ ಸಂಜೆ ಹಿತ್ತಲಿನಿಂದ ಅವಳ ದನಿಯೊಂದೇ ಕೇಳಿತು. ಮೊದಲು ಪ್ರಶ್ನೆ, ಆಮೇಲೆ ಬೇಡಿಕೊಳ್ಳುವುದು, ಆಮೇಲೆ ಅಳು. ನಡೆದದ್ದನ್ನು ಗೋಪಮ್ಮನಿಂದ ತಿಳಿದುಕೊಂಡ ಅವಳು ಮಾಸ್ತರರ ಹತ್ತಿರ ಜಗಳಕ್ಕೂ ಬರಲಿಲ್ಲ. ಮಾನ್ವಿಯಲ್ಲಿ ಗಿರಣಿಯ ಹಿಂದೆ ಒಂದು ಕೋಣೆ ಹುಡುಕಿ, ಸಾಮಾನು ಕಟ್ಟಿದಳು.

ಗೂಡ್ಸ್ ಆಟೋ ಬಂದು ನಿಂತಾಗ ವಿಜಯಲಕ್ಷ್ಮಿಯೇ ಮೆಟ್ಟಿಲಿಳಿದು ಬಂದಳು. "ಸರ್, ಅವರು ಇರಲಿ. ನಾ ಕಾಲೇಜಿನಾಗಽ ಕುಂತು ರೆಕಾರ್ಡ್ ಮಾಡ್ತೀನಿ. ಈ ಸಪ್ಪಳಿಲ್ಲದ್ದು ನೋಡಾಕ ಆಗವಲ್ದು" ಎಂದಳು.

ಮಾಸ್ತರರು ಬರಿಗಾಲಲ್ಲೇ ಓಡಿದರು. "ಬಸವಂತಮ್ಮಾ, ಹೋಗಬ್ಯಾಡ್ರಿ. ಯಾರೂ ನಿಮ್ಮನ್ನ ಬಿಡಸೂದಿಲ್ಲ."

ಅವಳು ಗಂಟನ್ನು ಆಟೋದಲ್ಲಿಟ್ಟು ತಿರುಗಿದಳು. "ಮನಿ ಬಿಡಿಸಿದ್ದಕ್ಕ ಸಿಟ್ಟಿಲ್ರೀ. ಮನಿ ಇನ್ನೊಂದು ಸಿಗತದ. ನಾ ಊರಿಂದ ಬಂದಾಗಿಂದ ಅವರು ನನ್ನ ಜೋಡಿ ಒಂದು ಮಾತಾಡಿಲ್ಲ. ಅದನ್ನ ಎಲ್ಲಿ ಹುಡುಕಲಿ ಹೇಳ್ರಿ?"

ಗಡಿಗೆಪ್ಪ ಆಟೋದ ಹಿಂದೆ ಹಗ್ಗ ಬಿಗಿಯುತ್ತಿದ್ದ. ಮಾಸ್ತರರು ಅವನ ಎದುರಿಗೆ ಹೋಗಿ ನಿಂತು, ಓಣಿಯೇ ನೋಡುತ್ತಿದ್ದರೂ ಲೆಕ್ಕಿಸದೆ, ಎರಡೂ ಕೈ ಮುಗಿದು ಕೂಗಿದರು. "ತಪ್ಪಾತು ಗಡಿಗೆಪ್ಪಾ! ನಂದು ತಪ್ಪಾತು! ಮಾತಾಡೋ, ಏನರೆ ಮಾತಾಡು!"

ಗಡಿಗೆಪ್ಪ ಗಾಬರಿಯಿಂದ ಮಹಡಿಯ ಕಿಟಕಿಯತ್ತ ನೋಡಿದ. ಮಾಸ್ತರರ ಮುಗಿದ ಕೈಗಳನ್ನು ಹಿಡಿದು ಇಳಿಸಿದ. ಆಮೇಲೆ ಅವರ ಕಿವಿಯ ಹತ್ತಿರ ಬಾಗಿ, ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ:

"ಮೆಲ್ಲಕ ಮಾತಾಡ್ರಿ ಮಾಸ್ತರ್ರೀ. ಮಂದಿಗೆ ತ್ರಾಸ ಆಗತದ."