ಮೂವತ್ತೈದಕ್ಕೆ ನಿಂತದ್ದು

ಮೂವತ್ತೈದಕ್ಕೆ ಬಂದು ಮತ್ತೆ ನಿಂತಿತು.

ಪರದೆಯ ಮೇಲೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಸುತ್ತು ಹಾಕುತ್ತಿದ್ದವು. ಕೆಳಗೆ, ಕಂಪ್ಯೂಟರನ್ನು ದಯವಿಟ್ಟು ಆರಿಸಬೇಡಿ ಎಂಬ ಬಿನ್ನಹ. ಬೆಳಗಿನಿಂದ ಇದು ಮೂರನೆಯ ಸಲ. ಅವಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಶೇಕಡಾ ಲೆಕ್ಕ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಎಂದು ಹದಿನಾಲ್ಕು ವರ್ಷದಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವಳು. ಆದರೂ ಮೂವತ್ತಾರು ಕಾಣಲಿ ಎಂದು ಕುರ್ಚಿಯ ತುದಿಯಲ್ಲಿ ಕೂತು ಉಸಿರು ಬಿಗಿಹಿಡಿದಿದ್ದಳು.

ಕಾಣಲಿಲ್ಲ. ಪರದೆ ಕಪ್ಪಾಯಿತು, ಬೆಳಗಿತು. ಅಪ್‌ಡೇಟ್ ವಿಫಲ. ಬದಲಾವಣೆಗಳನ್ನು ರದ್ದು ಮಾಡಲಾಗುತ್ತಿದೆ. ರದ್ದಾದ ಮೇಲೆ ತಾನಾಗಿಯೇ ಮತ್ತೆ ಸೊನ್ನೆಯಿಂದ ಶುರು.

ಬೆನ್ನ ಹಿಂದೆ ಗಾಲಿಕುರ್ಚಿಯಲ್ಲಿ ಗಂಡನಿದ್ದ. ಅವಳು ತಿರುಗಿ ನೋಡಲಿಲ್ಲ.

ಎರಡು ವರ್ಷದ ಹಿಂದೆ ಅವನ ಮೆದುಳಿನಲ್ಲಿ ರಕ್ತನಾಳವೊಂದು ಒಡೆದಿತ್ತು. ಆಮೇಲೆ ಅವನ ಮೈಯಲ್ಲಿ ಅವನು ಹೇಳಿದಂತೆ ಕೇಳುತ್ತಿದ್ದುದು ಕಣ್ಣು ಮತ್ತು ಬಲಗೈ ಹೆಬ್ಬೆರಳು ಮಾತ್ರ. ಹೆಬ್ಬೆರಳ ಕೆಳಗೆ ಒಂದು ದಪ್ಪ ಗುಂಡಿ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದದ್ದು ಬಂದಾಗ ಒತ್ತಬೇಕು. ವಾಕ್ಯ ಮುಗಿದ ಮೇಲೆ ಕಂಪ್ಯೂಟರು ಅದನ್ನು ಗಂಡಸಿನ ದನಿಯಲ್ಲಿ ಓದುತ್ತದೆ. ಅವನ ದನಿಯಲ್ಲ, ಯಾರದೋ. ಅದಕ್ಕೂ ಅವಳು ಒಗ್ಗಿಹೋಗಿದ್ದಳು.

ಬೆಳಗ್ಗೆ ಎಂಟಕ್ಕೆ ಅವನು ಒತ್ತತೊಡಗಿದ್ದ. 'ನಿನ್ನನ್ನ ಒಂದು ಮಾತು ಕೇಳಬೇಕು. ನೀನು' ಇಷ್ಟಕ್ಕೆ ಆರು ನಿಮಿಷ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದಿತು: ಅಪ್‌ಡೇಟ್ ಈಗಲೋ, ಆಮೇಲೋ? ನಾಲ್ಕು ತಿಂಗಳಿಂದ 'ಆಮೇಲೆ' ಎಂದೇ ಮುಂದೂಡುತ್ತಿದ್ದವಳು ಇವತ್ತು 'ಈಗ' ಒತ್ತಿದಳು.

ಕೈತಪ್ಪಿ.

"ಅದಾಗೇ ಶುರುವಾಗಿಬಿಡ್ತು," ಎಂದಳು ಫೋನಿನಲ್ಲಿ, ಮೈದುನನಿಗೆ. ಬೇರೆ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವನೇ ಅಣ್ಣನಿಗಾಗಿ ಇದನ್ನೆಲ್ಲ ಜೋಡಿಸಿಕೊಟ್ಟು ಹೋಗಿದ್ದ.

"ಒಂದೊಂದ್ಸಲ ಹಾಗಾಗತ್ತೆ ಅತ್ತಿಗೆ. ಡಿಸ್ಕಲ್ಲಿ ಜಾಗ ಇದೆಯಾ?"

"ಇತ್ತು."

"ಪ್ರಿಂಟರು, ಪೆನ್‌ಡ್ರೈವು ಎಲ್ಲಾ ಕಿತ್ತಿಡಿ. ಅಣ್ಣನ ಗುಂಡೀನೂ."

ವಯರು ಕೀಳಲು ಬಗ್ಗಿದಾಗ ಅವನ ಹೆಬ್ಬೆರಳು ಗುಂಡಿಯನ್ನು ಒತ್ತಿಕೊಂಡೇ ಇತ್ತು. ಮೆಲ್ಲಗೆ ಬಿಡಿಸಿ ಅವನ ತೊಡೆಯ ಮೇಲಿಟ್ಟಳು, ಯಾರೋ ಬಿಟ್ಟುಹೋದ ಸಾಮಾನನ್ನು ಪಕ್ಕಕ್ಕೆ ಎತ್ತಿಡುವ ಹಾಗೆ.

"ಅಣ್ಣ ಹೇಗಿದ್ದಾನೆ?"

"ಇದ್ದಾರೆ."

"ಅಲ್ಲ, ಇವತ್ತು ಮಾತೇ ಇಲ್ದೆ... ಆಸ್ಪತ್ರೇಲಿ ಕೊಟ್ಟಿದ್ರಲ್ಲ, ಅಕ್ಷರದ ಹಾಳೆ? ನೀವು ಬೆರಳಿಟ್ಟು ತೋರಿಸಿದ್ರೆ ಅವನು ಕಣ್ಣು ಮುಚ್ಚಿ ಹೌದು ಅಂತಿದ್ದ."

"ಎಲ್ಲೋ ಇಟ್ಟಿದ್ದೀನಿ. ಹುಡುಕಬೇಕು."

ಹಾಳೆ ಮೇಜಿನ ಮೊದಲ ಖಾನೆಯಲ್ಲಿತ್ತು, ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ.

ಮಧ್ಯಾಹ್ನ ಹೊಟ್ಟೆಯ ನಳಿಕೆಯಲ್ಲಿ ಅವನಿಗೆ ಊಟ ಇಳಿಸಿದಳು. ನಳಿಕೆಯನ್ನೇ ನೋಡುತ್ತಿದ್ದಳು. ಅವನ ಕಣ್ಣು ತನ್ನ ಮುಖದ ಮೇಲಿದೆ ಎಂದು ನೋಡದೆಯೇ ಗೊತ್ತಿತ್ತು. 'ನೀನು' ಎಂದು ಶುರುವಾಗುವ ಪ್ರಶ್ನೆಗಳು ಎಷ್ಟಿದ್ದಾವು? ನೀನು ಸರಿಯಾಗಿ ನಿದ್ದೆ ಮಾಡ್ತಿದ್ದೀಯಾ? ನೀನು ನನ್ನನ್ನ ಎಲ್ಲಾದರೂ ಬಿಟ್ಟುಬರ್ತೀಯಾ? ನೀನು ಆವತ್ತು ಯಾಕೆ ಬಾಗಿಲು ತೆಗೀಲಿಲ್ಲ?

ಆವತ್ತು ಜಗಳವಾಗಿತ್ತು. ಯಾತಕ್ಕೆ ಎಂಬುದು ಈಗ ನೆನಪಿಲ್ಲ. ಪಕ್ಕದ ಕೋಣೆಯಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದಾದಾಗ, ಸಿಟ್ಟಿಗೆ ಕುರ್ಚಿ ಒದ್ದಿದ್ದಾನೆ ಎಂದುಕೊಂಡಳು. ಒದೆಯಲಿ ಎಂದುಕೊಂಡು ಉತ್ತರಪತ್ರಿಕೆ ತಿದ್ದುತ್ತ ಕೂತಳು. ನಲವತ್ತು ನಿಮಿಷದ ಮೇಲೆ ಬಾಗಿಲು ತೆಗೆದಾಗ ಅವನು ನೆಲದ ಮೇಲಿದ್ದ. ಡಾಕ್ಟರಿಗೆ ಹತ್ತು ಎಂದಳು. ಕೇಸ್ ಶೀಟಿನಲ್ಲಿ ಹತ್ತು ಎಂದೇ ಬರೆದಿದೆ.

ಅಪ್‌ಡೇಟ್ ನಾಲ್ಕನೆಯ ಸಲ ನಿಂತಾಗ ಅವಳಿಗೆ ಅಳು ಬಂತು. ಇಡೀ ದಿನ ಈ ಪೆಟ್ಟಿಗೆಯ ಮುಂದೆ ಕೂತು, ಅವನಿಗಾಗಿ ಒದ್ದಾಡುತ್ತಿದ್ದೇನೆ ಎಂದುಕೊಂಡಿದ್ದಳು. ಅದು ಕೆಟ್ಟೇ ಇರಲಿ ಎಂದು ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದುದು ಈಗ ಕೇಳಿಸಿತು.

ತಟಕ್ಕನೆ ಖಾನೆ ಎಳೆದು ಹಾಳೆ ತೆಗೆದಳು. ಅವನೆದುರು ಮಂಡಿಯೂರಿ ಕೂತು ಹಾಳೆಯನ್ನು ಎತ್ತಿ ಹಿಡಿದಳು.

"ಬೆಳಗ್ಗೆ ಏನೋ ಕೇಳ್ಬೇಕು ಅಂದ್ರಲ್ಲ. ಕೇಳಿ."

ಬೆರಳು 'ಅ'ದ ಮೇಲಿತ್ತು. ಅವನು ಅವಳನ್ನು ನೋಡಿದ. ಹಾಳೆಯನ್ನಲ್ಲ. ಆಮೇಲೆ ಕಣ್ಣು ಮುಚ್ಚಿದ. ಮುಚ್ಚಿದರೆ ಹೌದು ಎಂದರ್ಥ. ಆದರೆ ಮುಚ್ಚಿದವನು ತೆರೆಯಲೇ ಇಲ್ಲ. 'ಅ'ದಿಂದ 'ಳ'ದವರೆಗೆ ಬೆರಳು ಓಡಿಸಿದಳು. ಮತ್ತೊಮ್ಮೆ ಓಡಿಸಿದಳು. ಅವನ ರೆಪ್ಪೆ ಅದುರುತ್ತಿತ್ತು. ನಿದ್ದೆಯಲ್ಲ.

"ಹಾಗಾದ್ರೆ ಬೇಡ ಬಿಡಿ," ಎಂದಳು, ಅವನೇ ಬೇಡವೆಂದ ಹಾಗೆ.

ನಾಲ್ಕೂವರೆಗೆ ಮೈದುನ ಮತ್ತೆ ಫೋನ್ ಮಾಡಿದ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ತೆರೆಸಿದ, ಅರ್ಧಂಬರ್ಧ ಇಳಿದ ಫೈಲುಗಳನ್ನು ಅಳಿಸಿಹಾಕಿಸಿದ, ಮತ್ತೆ ಶುರು ಮಾಡಿಸಿದ. ಮೂವತ್ತೈದು ಬಂತು. ಮೂವತ್ತಾರೂ ಬಂತು. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಳು.

ಹಳೆಯ ಓದುವ ಪ್ರೋಗ್ರಾಮು ಮಾತ್ರ ತೆರೆಯಲಿಲ್ಲ.

"ಅಪ್‌ಡೇಟ್ ಆದ್ಮೇಲೆ ಅದು ನಡೆಯಲ್ಲ. ಹೊಸದು ಹಾಕ್ಕೊಡ್ತೀನಿ, ಒಂದೊಂದು ಪದಕ್ಕೂ ಓದತ್ತೆ. ಕನ್ನಡದಲ್ಲಿ ಹೆಂಗಸಿನ ದನಿ ಒಂದೇ ಇರೋದು. ಸದ್ಯಕ್ಕೆ ನಡೆಸ್ಕೊಳ್ಳಿ ಅತ್ತಿಗೆ."

ಗುಂಡಿಯ ವಯರು ಸಿಕ್ಕಿಸಿ, ಅವನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಫೋನನ್ನು ಸ್ಪೀಕರಿಗೆ ಹಾಕಿದಳು.

"ಅಣ್ಣಾ, ಏನಾದ್ರೂ ಹೇಳು, ಕೇಳೋಣ."

ಇಬ್ಬರೂ ಕಾದರು. ಮೈದುನನ ಅಂಗಡಿಗೆ ಯಾರೋ ಬಂದರು. ಅವನು ಅವರೊಡನೆ ಏನೋ ಮಾತಾಡತೊಡಗಿದ. ಗುಂಡಿ ಟಕ್ಕೆಂದಿತು. ಮತ್ತೆ ಟಕ್ಕೆಂದಿತು.

"ಸಾಕಾಗಿದೆ," ಎಂದಿತು ಕೋಣೆಯಲ್ಲಿ ಹೆಂಗಸಿನ ದನಿ.

"ಆಗದೆ ಇರತ್ತಾ ಅತ್ತಿಗೆ, ಬೆಳಗಿಂದ ಒದ್ದಾಡಿದ್ದೀರಿ," ಎಂದ ಮೈದುನ. "ಸ್ವಲ್ಪ ಮಲಗಿ. ಅಣ್ಣ ಏನಾದ್ರೂ ಒತ್ತಿದ್ನಾ?"

ಅವಳು ಗಂಡನನ್ನು ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

"ಇನ್ನೂ ಇಲ್ಲ," ಎಂದಳು.

ಫೋನ್ ಇಟ್ಟಳು. ಹೊರಗೆ ಕತ್ತಲಾಗತೊಡಗಿತ್ತು. ಎದ್ದು ಹೋಗಬಹುದಿತ್ತು, ಕಾಲು ಏಳಲಿಲ್ಲ ಎನ್ನುವುದೂ ಸುಳ್ಳು, ಎದ್ದೇ ನಿಂತಿದ್ದಳು.

"ನನಗೆ," ಎಂದಿತು ದನಿ. ತುಂಬ ಹೊತ್ತಿನ ಮೇಲೆ, "ಆವತ್ತು."

ಟಕ್. ಟಕ್.

ಎದುರಿನ ಕಿಟಕಿಯ ಗಾಜಿನಲ್ಲಿ ಗಾಲಿಕುರ್ಚಿ ಕಾಣುತ್ತಿರಲಿಲ್ಲ. ಒಬ್ಬಳು ಹೆಂಗಸು ಮಾತ್ರ ನಿಂತಿದ್ದಳು, ಬಾಯಿ ಅರ್ಧ ತೆರೆದುಕೊಂಡು. ಕೋಣೆಯಲ್ಲಿ ದನಿ ಮುಂದಿನ ಪದ ಆಡುವ ಮೊದಲೇ ಅವಳ ತುಟಿಗಳು 'ನಲವತ್ತು' ಎಂದು ಅಲ್ಲಾಡತೊಡಗಿದ್ದವು.