ನೀರಿನಡಿಯ ಒಗೆಯುವ ಕಲ್ಲುಗಳು

"ಎಪ್ಪತ್ತು ವರ್ಷದ ಹಿಂದೆ ಮೊದಲ ಹೋಟೆಲು ಬಂದಾಗ ಈ ಊರು ಹುಟ್ಟಿತು. ಅದಕ್ಕೂ ಮುಂಚೆ ಸರೋವರದ ಈ ದಡ ಯಾರದ್ದೂ ಆಗಿರಲಿಲ್ಲ."

ಪಟ್ಟಣದಿಂದ ಬಂದಿದ್ದ ಗುಮಾಸ್ತ ಎವಾರಿಸ್ತೊ ದಡದಲ್ಲಿ ಸೇರಿದ್ದ ಊರವರಿಗೆ ಇಷ್ಟು ಓದಿ ಬೆವರು ಒರೆಸಿಕೊಂಡ. ಈ ಚರಿತ್ರೆಗೆ ಊರು ಒಪ್ಪಿದರೆ ದಡ ಹೋಟೆಲಿನ ದೋಣಿಕಟ್ಟೆಗೆ ಹೋಗುತ್ತದೆ.

ಒದ್ದೆ ಬಟ್ಟೆಯ ಬುಟ್ಟಿ ಹೊತ್ತಿದ್ದ ಇಸಿದ್ರಾಳಿಗೆ ಮೈ ಉರಿಯಿತು. "ಯಾರದ್ದೂ ಅಲ್ವಾ? ನಮ್ಮ ಒಗೆಯೋ ಕಲ್ಲುಗಳು?"

"ನಾನೇ ಬಂದು ನೋಡಿದೀನಮ್ಮ. ದಡದಲ್ಲಿ ಒಂದೂ ಇಲ್ಲ."

"ನೀರು ಏರಿ ಐದು ವರ್ಷ ಆಯ್ತಲ್ಲಪ್ಪ, ಕಾಣೋದು ಹೇಗೆ?"

ಆ ಊರಲ್ಲಿ ಒಗೆಯುವ ಕಲ್ಲು ತಾಯಿಯಿಂದ ಮಗಳಿಗೆ ಬರುತ್ತದೆ. ನೀರು ಏರಿದರೆ ಅದನ್ನು ಎತ್ತಿ ಈಚೆ ತರುವ ಹಾಗಿಲ್ಲ. ಇಳಿಯುವವರೆಗೆ ಹಲಗೆಯ ಮೇಲೆ ಒಗೆಯುತ್ತ ಕಾಯಬೇಕು. ಮುಳುಗಿದರೂ ಅದು ಅವಳದ್ದೇ.

"ಕಾಣದ್ದನ್ನ ಹೇಗಮ್ಮ ಬರೀಲಿ?" ಎಂದು ಅವನು ನಕ್ಕ.

ಆ ನಗುವೇ ಸಾಕಾಯಿತು. ಇಸಿದ್ರಾ ಬುಟ್ಟಿ ಇಳಿಸಿ, ಮಗಳು ಲೊರೆನ್ಸಾಳ ಕೈ ಹಿಡಿದು ನೀರಿಗಿಳಿದಳು. ಅವಳ ಹಿಂದೆಯೇ ಮಿಕ್ಕ ಹೆಂಗಸರೂ ಇಳಿದರು. ಕಾಲಲ್ಲಿ ತಡಕಾಡಿ ಒಬ್ಬೊಬ್ಬಳೂ ತನ್ನ ಕಲ್ಲು ಹುಡುಕಿ ಹತ್ತಿ ನಿಂತಳು. ನೀರು ಕೆಲವರಿಗೆ ಮೊಣಕಾಲಮಟ್ಟ, ಕೆಲವರಿಗೆ ಸೊಂಟದಮಟ್ಟ, ಎಲ್ಲರಿಗಿಂತ ಆಚೆ ನಿಂತ ಎಂಬತ್ತರ ಚೋನಾ ಅಜ್ಜಿಗೆ ಎದೆಮಟ್ಟ.

"ನಿನ್ನ ಹೋಟೆಲಿಗಿಂತ ನನ್ನ ಕಲ್ಲೇ ಹಳೇದು ಕಣೋ!" ಅಜ್ಜಿ ಕೂಗಿದಳು. "ನಮ್ಮಜ್ಜಿ ನನ್ನ ಹೇಲುಬಟ್ಟೆ ಇದರ ಮೇಲೇ ಒಗೀತಿದ್ಲು. ಬೇಕಾದ್ರೆ ಮೂಸಿ ನೋಡು ಬಾ!"

ದಡವೆಲ್ಲ ನಕ್ಕಿತು. ಇಸಿದ್ರಾ ಮಾತ್ರ ನಗಲಿಲ್ಲ. "ಯಾರದ್ದೂ ಅಲ್ಲ ಅನ್ನೋ ಆ ಸಾಲು ಹೊಡೆದುಹಾಕಿ."

"ಆಗಲಿ, ನಾಳೆ ನೋಡೋಣ."

"ನಾಳೆವರೆಗೂ ಅಜ್ಜಿ ತಣ್ಣೀರಲ್ಲಿ ನಿಂತಿರಬೇಕಾ?"

"ಅವರಿಗೆ ಈಚೆ ಬರೋಕೆ ಹೇಳಮ್ಮ."

"ನೀವು ಬರೆದ ಮೇಲೆ ಬರ್ತಾಳೆ."

ಯಾರೂ ಕದಲಲಿಲ್ಲ. ಅಜ್ಜಿಯ ತುಟಿ ನಡುಗತೊಡಗಿತು. ಕೊನೆಗೆ ಅವನು ಪೆನ್ನು ತೆಗೆದು ಸಾಲಿನ ಮೇಲೆ ಗೀಟೆಳೆದ. ಅದರ ಕೆಳಗೆ ಕಲ್ಲುಗಳನ್ನು, ಅವುಗಳ ಒಡತಿಯರ ಹೆಸರುಗಳನ್ನು ಇಸಿದ್ರಾ ಒಂದೊಂದಾಗಿ ಕೂಗಿ ಹೇಳಿ ಬರೆಸಿದಳು. ಬರೆದದ್ದನ್ನು ಜೋರಾಗಿ ಓದಿಸಿದಳು. ಆಮೇಲೆಯೇ ಇಬ್ಬರು ಹೆಂಗಸರು ಅಜ್ಜಿಯನ್ನು ಹಿಡಿದು ದಡಕ್ಕೆ ತಂದರು.

ಇಸಿದ್ರಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮಗಳ ಪುಟ್ಟ ಪಾದವನ್ನು ಮೆಲ್ಲಗೆ ಹಿಡಿದು ನೀರಿನಡಿಯ ತಮ್ಮ ಕಲ್ಲಿನ ಮೇಲೆ ಇಟ್ಟಳು.

"ಎಡಗಡೆ ಸವೆದಿದೆ, ಗೊತ್ತಾಯ್ತಾ ಪುಟ್ಟಿ? ನಿಮ್ಮಜ್ಜಿ, ಅಂದ್ರೆ ನಮ್ಮಮ್ಮ, ಎಡಚಿ. ಮರೀಬೇಡ."