ತನ್ನ ಕಾಲುವೆಗೆ ತಾನೇ ಕಟ್ಟೆ ಕಟ್ಟಿದ ತುಯಾನಜ್ಜ

ಲೋಕದಲ್ಲಿ ಎಲ್ಲರ ಮನೆಯ ಮೆಟ್ಟಿಲುಗಳೂ ಸವೆಯುತ್ತವೆ. ತುಯಾನಜ್ಜನ ಮನೆಯ ಮೆಟ್ಟಿಲುಗಳು ಮಾತ್ರ ವರ್ಷ ಕಳೆದಂತೆ ಹೆಚ್ಚುತ್ತಿದ್ದವು. ನಾವೆಲ್ಲ ಹೊಳೆಯ ಗಟ್ಟಿ ದಂಡೆಯ ಮೇಲೆ ಮನೆ ಕಟ್ಟಿಕೊಂಡಿದ್ದರೆ, ಬೋರ್ನಿಯೋದ ಆ ಜವುಗಿನೊಳಗೆ, ಕರಿನೆಲದ ನಟ್ಟನಡುವೆ, ಎತ್ತರದ ಕಂಬಗಳ ಮೇಲೆ ನಿಂತದ್ದು ಅವನೊಬ್ಬನ ಮನೆ. ಕೆಲವು ವರ್ಷಕ್ಕೊಮ್ಮೆ ಏಣಿಯ ಬುಡಕ್ಕೆ ಹೊಸ ಹಲಗೆಯೊಂದನ್ನು ಸೇರಿಸಿ, ಅದರ ಮೇಲೆ ಗತ್ತಿನಿಂದ ಕುಳಿತು, ದೋಣಿಯಲ್ಲಿ ಹೋಗಿಬರುವವರನ್ನೆಲ್ಲ ಕೂಗಿ ಕರೆಯುತ್ತಿದ್ದ. "ನೋಡ್ರೋ, ನನ್ನ ಮನೆ ಇನ್ನೂ ಬೆಳೀತಾ ಇದೆ. ನಿಮ್ಮನೆ ಗಿಡ್ಡ ಅಂತ ನಾನೇನೂ ಹೇಳ್ತಿಲ್ಲಪ್ಪ."

ಈ "ನಾನೇನೂ ಹೇಳ್ತಿಲ್ಲಪ್ಪ" ಅವನ ಮಾತಿನ ಬಾಲ. ಹೇಳಬೇಕಾದದ್ದನ್ನೆಲ್ಲ ಹೇಳಿ, ಕೇಳಿದವರ ಮೈ ಉರಿಸಿ, ಆಮೇಲೆ ಕೈ ತೊಳೆದುಕೊಳ್ಳುವ ಈ ಉಪಾಯದಿಂದ ಅವನು ಊರಿನ ಅರ್ಧ ಜಗಳಗಳನ್ನು ಹುಟ್ಟಿಸಿದ, ಇನ್ನರ್ಧವನ್ನು ತೀರಿಸಿದ. ನಡೆಯುವಾಗ ತೋಳುಗಳನ್ನು ತುಸು ಅಗಲಿಸಿ, ಮೊಣಕಾಲು ಬಾಗಿಸಿ, ಗಟ್ಟಿ ನೆಲವೂ ದೋಣಿಯಂತೆ ಓಲಾಡುತ್ತಿದೆಯೋ ಎಂಬ ಹಾಗೆ ಹೆಜ್ಜೆ ಇಡುತ್ತಿದ್ದ. ಮರದ ಕಂಪನಿಯೊಂದು ಕಾಡು ಮುಗಿಸಿ ಗಂಟುಮೂಟೆ ಕಟ್ಟಿದಾಗ ಬಿಟ್ಟುಹೋದ ಖಾಕಿ ಕೋಟೊಂದು ಅವನಲ್ಲಿತ್ತು; ಗುಂಡಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಸಭೆಯಿದ್ದ ದಿನ, ಎಂಥ ಸೆಕೆಯಲ್ಲೂ, ಆ ಕೋಟು ಕತ್ತಿನವರೆಗೆ ಮುಚ್ಚಿರುತ್ತಿತ್ತು.

ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಗಂಡಸಿನ ಹೆಸರು ಹಿಂದೆ ಸರಿಯುತ್ತದೆ; ಊರು ಅವನನ್ನು ಇಂಥವಳ ಅಪ್ಪ, ಇಂಥವನ ಅಪ್ಪ ಎಂದೇ ಕರೆಯುತ್ತದೆ. ತುಯಾನಜ್ಜನಿಗೂ ಅವನ ಹೆಂಡತಿ ರಂಬಿ ಅಜ್ಜಿಗೂ ಮಕ್ಕಳಾಗಲಿಲ್ಲ. ಆದರೆ ಪ್ರಾಯದಲ್ಲಿ ಅವನು ಒಂದಷ್ಟು ಗೆಳೆಯರನ್ನು ಕಟ್ಟಿಕೊಂಡು, ಹೊಳೆಯಿಂದ ಕಾಡಿನೊಳಕ್ಕೆ, ಕೈಗುದ್ದಲಿಯಲ್ಲಿ ಕಾಲುವೆ ತೋಡಿದ್ದ. ತೋಡಿಸಿದವನ ಹೆಸರೇ ಕಾಲುವೆಗೆ. ಇಕ್ಕೆಲದ ನೆಲ ಹಂಚುವುದು ಅವನ ಮಾತು, ಅಗಲಿಸುವುದು ಮುಚ್ಚುವುದು ಅವನ ಮಾತು. ಅವನ ಒಪ್ಪಿಗೆಯಿಲ್ಲದೆ ಒಂದು ಗೂಟ ನೆಟ್ಟರೂ ಅದು ದಂಡ ತೆರಬೇಕಾದ ಅಪರಾಧ. ಆ ನೀರಿನಲ್ಲೇ ನಮ್ಮ ರಬ್ಬರು ಬಂತು, ಬೆತ್ತ ಬಂತು, ನನ್ನ ಮದುವೆಯ ದಿಬ್ಬಣವೂ ಬಂತು. ಊರು ಅವನನ್ನು ಕಾಲುವೆಯಪ್ಪ ಎಂದು ಕರೆಯಿತು. ಹಾಗೆ ಕರೆದವರಿಗೆ ಅವನು ಎರಡನೆಯ ಲೋಟ ಕಾಫಿ ಕೊಡುತ್ತಿದ್ದ.

ಕಾಲುವೆ ರಬ್ಬರನ್ನು ಹೊರತಂದಂತೆ ಜವುಗಿನ ನೀರನ್ನೂ ಹೊರತಂದಿತು. ಒಣಗಿದ ಕರಿನೆಲ ಬೇಸಿಗೆಯಲ್ಲಿ ಒಳಗಿಂದೊಳಗೇ ಉರಿಯತೊಡಗಿತು; ಮೇಲೆ ಜ್ವಾಲೆಯಿಲ್ಲ, ಹೊಗೆ ಮಾತ್ರ, ಅದೂ ವಾರಗಟ್ಟಲೆ ಊರಿನ ಮೇಲೆ ಕುಳಿತಲ್ಲೇ ಕುಳಿತಿರುವ ಹೊಗೆ. ನನ್ನ ಮಗಳು ಪುನೈಗೆ ಆಗ ಎದೆ ಸೀಟಿ ಹೊಡೆಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಗೋಡೆಗೊರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು.

ಪಟ್ಟಣದ ವಿಶ್ವವಿದ್ಯಾಲಯದಿಂದ ಹೆರ್ಲಿನಾ ಎಂಬಾಕೆ ಬಂದದ್ದು ಆಗಲೇ. ಡಬ್ಬಿಯಂಥದೊಂದನ್ನು ನೆಲದ ಮೇಲೆ ಬೋರಲು ಹಾಕಿ, ಅಲ್ಲಿಂದ ಏಳುವ ಗಾಳಿಯನ್ನು ಅಳೆಯುತ್ತಿದ್ದಳು. ಅಜ್ಜ ಅವಳನ್ನೂ ಹೊಸ ಮೆಟ್ಟಿಲ ಮೇಲೆ ಕೂರಿಸಿ, ಬಾಳೆಹಣ್ಣಿನ ಬಜ್ಜಿ ಕೊಟ್ಟು, ಮನೆ ಬೆಳೆಯುವ ಸುದ್ದಿ ಹೇಳಿದ. ಅವಳು ಬಜ್ಜಿ ತಿಂದು ಮುಗಿಸಿ, ಕೈ ಒರೆಸಿಕೊಂಡು ಹೇಳಿದಳು.

"ಅಜ್ಜ, ಮನೆ ಬೆಳೀತಿಲ್ಲ, ನೆಲ ಇಳೀತಿದೆ. ಇದು ಮಣ್ಣಲ್ಲ, ಸಾವಿರಾರು ವರ್ಷದ ಎಲೆ, ಬೇರು. ನೀರಲ್ಲಿ ಮುಳುಗಿರೋ ತನಕ ಹಾಗೇ ಇರತ್ತೆ. ಕಾಲುವೆ ನೀರು ಎಳ್ಕೊಂಡ್ರೆ ಬೆಂಕಿ ಬೀಳದಿದ್ರೂ ಇಂಗಾಲದ ಗಾಳಿಯಾಗಿ ಮೇಲೆ ಹೋಗ್ತಾ ಇರತ್ತೆ. ಭೂಮಿ ಬಿಸಿಯಾಗೋಕೆ ಇದೂ ಒಂದು ಕಾರಣ."

"ಅಂದ್ರೆ ಊರಿನ ನೆಲಾನ ನಾನು ಕದ್ದೆ ಅಂತೀಯಾ?"

"ಕದ್ದಿಲ್ಲ ಅಜ್ಜ. ಅದು ಹೋಗೋಕೆ ದಾರಿ ಬಿಟ್ರಿ."

ಕಾಲುವೆಗೆ ಕಟ್ಟೆ ಹಾಕಬೇಕೆಂದು ಸಭೆ ಸೇರಿತು. ಕೋಟು ಬಂತು, ಅದರೊಳಗೆ ಅಜ್ಜನೂ ಬಂದ, ಸುತರಾಂ ಒಪ್ಪಲಿಲ್ಲ. "ಅಷ್ಟು ವರ್ಷ ನಿಮ್ಮನ್ನ ಹೊತ್ತು ತಿರುಗಿಸ್ತು. ಈಗ ಅದೇ ಕೆಟ್ಟದ್ದಾಯ್ತಾ? ನೀವು ಕೃತಘ್ನರು ಅಂತ ನಾನೇನೂ ಹೇಳ್ತಿಲ್ಲಪ್ಪ."

ನೆರೆಮನೆಯ ಸಿಲಾಸ್ ನಕ್ಕ. "ಬಿಡ್ರಪ್ಪ, ಮಗನ್ನ ಬೈದ್ರೆ ಯಾವ ಅಪ್ಪ ಸುಮ್ನಿರ್ತಾನೆ?"

ನನಗೆ ನಗು ಬರಲಿಲ್ಲ. ಪುನೈಯನ್ನು ಸೊಂಟದ ಮೇಲೆ ಹೊತ್ತು ಎದ್ದು ನಿಂತೆ. "ನಿಮ್ಮ ಮಗನ್ನ ನೀವು ಉಳಿಸ್ಕೊಳ್ಳಿ ಅಜ್ಜ. ನನ್ನ ಮಗಳನ್ನ ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ, ಅದನ್ನಾದ್ರೂ ಹೇಳಿ."

ಅಜ್ಜ ಪುನೈಯನ್ನು ನೋಡಿದ. ದೋಣಿನಡಿಗೆಯಲ್ಲಿ ಹೊರಗೆ ಹೋಗಿಬಿಟ್ಟ.

ಮಾರನೆಯ ಬೆಳಿಗ್ಗೆ ನಮ್ಮ ಮನೆಗೆ ಬಂದವನು ನನ್ನನ್ನು ಮಾತಾಡಿಸದೆ ಪುನೈಯ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕುಳಿತ. ಎದ್ದು, ಕೋಟಿನ ತೋಳಿನಿಂದ ಕಿವಿ ಒರೆಸಿಕೊಂಡ. "ಒಂದು ಕೋಳಿ ಬೇಕಲ್ಲಮ್ಮ. ನೀರನ್ನ ಕೇಳದೆ ಮುಚ್ಚಬಾರದು." ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ನಿಂತಲ್ಲೇ ಅತ್ತುಬಿಟ್ಟೆ.

ಕಾಲುವೆಯ ಬಾಯಿಗೆ ಊರೆಲ್ಲ ಸೇರಿತು. ಅಜ್ಜ ಅಕ್ಕಿ ಎರಚಿ, ಕೋಳಿಯ ರಕ್ತವನ್ನು ದಂಡೆಗೆ ಸವರಿ, ನೀರಿನೊಂದಿಗೆ ಮೆಲ್ಲನೆ ಮಾತಾಡಿದ. "ಕರೆದವನು ನಾನೇ. ನೀನು ತುಂಬಾ ದುಡಿದೆ. ಇನ್ನು ಮಲಗು." ಮೊದಲ ಮರದ ಗೂಟಕ್ಕೆ ಕೊಡತಿ ಎತ್ತಿ, ಹೊಡೆಯದೆ ಮತ್ತೆ ಇಳಿಸಿದ್ದನ್ನು ರಂಬಿ ಅಜ್ಜಿ ನೋಡಿದಳು. "ಕೋಟು ಬಿಚ್ಚಿ ಹೊಡೀರಿ. ಹೊಲಿಗೆ ಬಿಟ್ರೆ ನಾನಂತೂ ಹಾಕಿಕೊಡಲ್ಲ." ಅವನು ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟು ಹೊಡೆದ. ಉಳಿದ ಗೂಟಗಳನ್ನು ನಾವು ಹೊಡೆದೆವು.

ಆಮೇಲೆ ರಬ್ಬರನ್ನು ಕೆಸರಿನ ಕಾಲುದಾರಿಯಲ್ಲಿ ಹೊರಬೇಕಾಯಿತು. ಎಲ್ಲರೂ ಗೊಣಗಿದರು, ಅಜ್ಜ ಎಲ್ಲರಿಗಿಂತ ಜೋರಾಗಿ. ಜವುಗಿಗೆ ಮತ್ತೆ ನೀರು ನಿಂತಿತು. ಮುಂದಿನ ಬೇಸಿಗೆಯಲ್ಲಿ ಹೊಳೆಯ ಆಚೆಯಿಂದ ಹೊಗೆ ಬಂತಾದರೂ ನಮ್ಮ ಕಡೆಯ ನೆಲ ಹೊತ್ತಿಕೊಳ್ಳಲಿಲ್ಲ, ಪುನೈ ಕಾಲು ಚಾಚಿ ಮಲಗಿದಳು. ಕಾಲುವೆಯ ಮೇಲೆ ಜರೀಗಿಡ, ಕೇದಗೆ ಹಬ್ಬಿ, ನೀರಿನ ದಾರಿಯೇ ಕಾಣದಾಯಿತು. ದೋಣಿ ಹೋಗದ ಕಾಲುವೆಯ ಹೆಸರನ್ನು ಯಾರು ಎತ್ತುತ್ತಾರೆ? ಕಾಲುವೆಯಪ್ಪ ಎಂದು ಕರೆಯುತ್ತಿದ್ದ ಅವನ ಓರಗೆಯವರು ಒಬ್ಬೊಬ್ಬರಾಗಿ ತೀರಿಕೊಂಡರು. ಈಗಿನ ಮಕ್ಕಳಿಗೆ ಅವನು ಕೋಟಿನ ಮುದುಕ, ಅಷ್ಟೆ. "ಮರೀಬಾರದು ಅಂತ ನಾನೇನೂ ಹೇಳ್ತಿಲ್ಲಪ್ಪ" ಎಂದು ಒಮ್ಮೆ ನನ್ನೆದುರು ಹೇಳಿ, ಹೊಳೆಯ ಕಡೆ ಮುಖ ತಿರುಗಿಸಿದ.

ಬಾವಿ ತೋಡಿದವರನ್ನು, ದಾರಿ ಕಡಿದವರನ್ನು ಊರು ನೆನೆಯುತ್ತದೆ. ನೆನೆಯಲು ಬಾವಿ ಇರುತ್ತದೆ, ದಾರಿ ಇರುತ್ತದೆ. ತಾವು ತೆರೆದದ್ದನ್ನು, ಅದೊಂದೇ ತಮ್ಮ ಹೆಸರು ಹೇಳುವುದೆಂದು ಬಲ್ಲವರಾಗಿಯೂ, ಬದುಕಿರುವಾಗಲೇ ಸ್ವಂತ ಕೈಯಿಂದ ಮುಚ್ಚಿದವರಿಗೆ ಯಾವ ಗುರುತೂ ಇಲ್ಲ. ಅವರು ನಮಗೆ ಕೊಟ್ಟುಹೋಗುವುದು ಏಳದೇ ಹೋದ ಹೊಗೆಯನ್ನು, ಸುಡದೇ ಉಳಿದ ನೆಲವನ್ನು. ಅಂಥವರ ಋಣವನ್ನು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ನನ್ನ ಮಗಳು ಈಗ ದೊಡ್ಡವಳಾಗಿದ್ದಾಳೆ, ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ಅವಳು ಉಸಿರಾಡುವ ಸದ್ದು ನನಗೆ ಕೇಳಿಸುವುದೇ ಇಲ್ಲ.